ಬಂತು, ಹೋಯ್ತು

ಇನಾಸ ಬಾಬನ ಟೀವಿಗೆ ಮರದ ಬಾಗಿಲಿತ್ತು,
ಬಾಗಿಲಿಗೆ ಬೀಗ,
ಬೀಗದ ಕೈ ಅವನ ಕೊರಳಲ್ಲಿ, ಶಿಲುಬೆಯ ಪಕ್ಕ.
ಭಾನುವಾರ ಏಳಕ್ಕೆ ಅದು ತೆರೆದರೆ
ಬೈತಖೋಲದ ಅರ್ಧ ಕೇರಿ ಒಳಗೆ,
ಉಳಿದರ್ಧ ಕಿಟಕಿಯಲ್ಲಿ.
ನಾನು ಮಾತ್ರ ಮಾಡಿನ ಮೇಲೆ:
ಹನ್ನೊಂದು ವರ್ಷ, ಹಂಚು ಒಡೆಯದಷ್ಟು ಹಗುರ.

ಗೋವೆಯಿಂದ ಹೊರಟ ಚಿತ್ರ
ಸದಾಶಿವಗಡದ ಗುಡ್ಡ ಹತ್ತಿ ಸುಸ್ತಾಗಿ
ನಮ್ಮಲ್ಲಿಗೆ ಬರೀ ಅಕ್ಕಿನುಚ್ಚಾಗಿ ಬೀಳುತ್ತಿತ್ತು.
ನಾನು ಆಂಟೆನಾದ ಪೈಪು ಹಿಡಿದರೆ
ನುಚ್ಚು ಕೂಡಿ ಮುಖವಾಗುತ್ತಿತ್ತಂತೆ.
ತಮ್ಮ ಹಿಡಿದರೆ ಆಗುತ್ತಿರಲಿಲ್ಲ, ಯಾಕೋ.
"ಗುಲಾಬಿ ಮೈಯಲ್ಲೇ ತಂತಿ ಉಂಟು" ಅಂತ ಆಯಿಗೆ ಹೆಮ್ಮೆ.

ದೇವದೂತರ ಧಾರಾವಾಹಿ ಅದು.
ಒಬ್ಬ ಮುದುಕ, ಒಬ್ಬಳು ಹುಡುಗಿ, ಬಿಳಿ ಕೋಟು.
ರೆಕ್ಕೆ ಇಲ್ಲ, ಖರ್ಚು ಜಾಸ್ತಿ ಅಂದ ಇನಾಸ ಬಾಬ.
ವಾರಕ್ಕೊಂದು ಮನೆಗೆ ಇಳಿಯುವುದು,
ಒಬ್ಬರ ಕಣ್ಣೀರು ಒರೆಸುವುದು,
ಎಂಟಕ್ಕೆ ಐದು ನಿಮಿಷ ಇರುವಾಗ ಮೇಲೆ ಹೋಗುವುದು.
ಮಾತು ಹಿಂದಿ, ತುಟಿ ಇನ್ಯಾವುದೋ ದೇಶದ್ದು.
ಇದೆಲ್ಲ ನಾನು ಕೇಳಿದ್ದು. ಕಂಡದ್ದಲ್ಲ.

ಹಿಂದಿನ ವಾರ ಕಥೆ ನಿಂತದ್ದು ಧಕ್ಕೆಯ ತುದಿಯಲ್ಲಿ.
ಬಿರುಗಾಳಿ. ದಡದಲ್ಲಿ ಒಬ್ಬ ಹೆಂಗಸು.
ದೂರದಲ್ಲಿ ವಾಲಿದ ದೋಣಿ.
ಮುದುಕ ದೂತ ಕೈ ಎತ್ತಿದ.
ಮುಂದಿನ ವಾರ, ಅಂದಿತು ಟೀವಿ.

ವಾರವಿಡೀ ಬಲೆ ಹೊಲಿಯುವಲ್ಲಿ, ಐಸು ಒಡೆಯುವಲ್ಲಿ ಅದೇ ಮಾತು.
ದೋಣಿ ಬಂದೇ ಬರ್ತದೆ ಅಂತ
ತೋಕು ತಾಂಡೇಲ ಐದು ರೂಪಾಯಿ ಪಂಥ ಕಟ್ಟಿದ.
ಕೊನ್ಸೆಸಾಂವ್ ಮಾವಶಿ ಏನೂ ಅನ್ನಲಿಲ್ಲ.
ಅವಳ ಪಾಸ್ಕು ಅಂಜದೀವಿನಾಚೆ ಹೋಗಿ ಎರಡು ವರ್ಷ.
ಭಾನುವಾರ ಒಂದು ಡಬ್ಬಿ ನೆವರಿ ಕರಿದು ತಂದು
ಎಲ್ಲರಿಗಿಂತ ಮುಂದೆ ಕೂತಳು,
ಎಂದೂ ಮುಂದೆ ಕೂತವಳಲ್ಲ.

ಏನಾಯಿತು ಅಂದರೆ, ಏನೂ ಆಗಲಿಲ್ಲ.
ದೂತರಿಬ್ಬರೂ ಒಂದು ಬೆಂಚಿನ ಮೇಲೆ ಕೂತರು.
"ನೆನಪುಂಟೇ ಆ ಕುರುಡು ಹುಡುಗ?"
ಪರದೆ ಮಂಜಾಗಿ, ಹಳೇ ಕಂತಿನ ಕುರುಡು ಹುಡುಗ.
"ಆ ಬೇಕರಿಯವನು?"
ಮತ್ತೆ ಮಂಜು, ಮತ್ತೆ ಬೇಕರಿ.
ಹರಿದ ಬಲೆಗೆ ಇನ್ನೊಂದು ಹರಿದ ಬಲೆಯ ತುಂಡು ಹೊಲಿದ ಹಾಗೆ.
"ಹೋದ ವಾರದ ಮೀನು ಇವತ್ತು ಮಾರ್ತಾನಲ್ಲ!"
ಯಾರೋ ಕೂಗಿದ್ದು ಹಂಚಿನ ಸಂದಿಯಿಂದ ಮೇಲೆ ಬಂತು.

ನಾನು ಪೈಪು ಹಿಡಿದೇ ಇದ್ದೆ.
ದೇವಗಡದ ದೀಪ ಸುತ್ತುತ್ತಿತ್ತು, ನನ್ನನ್ನು ಮುಟ್ಟದೆ.
ಎಡಗೈ ಆಗಲೇ ಜೋಮು ಹಿಡಿದು ಸತ್ತಿತ್ತು.
ಮೊಣಕಾಲ ಮೇಲೊಂದು ಸೊಳ್ಳೆ.
ಒಂದೇ ಏಟು, ಅಷ್ಟಕ್ಕೆ ಕೈ ಬಿಟ್ಟೆ.
"ಹೋಯ್ತು! ಹೋಯ್ತು! ಗುಲಾಬೀ!"
ಹಿಡಿದೆ.
"ಬಂತು" ಅಂದರು. ಬಂದದ್ದು ಹೆಸರುಗಳು,
ಕೆಳಗಿಂದ ಮೇಲಕ್ಕೆ ಏರುವ ಉದ್ದುದ್ದ ಹೆಸರುಗಳು.
ತೋಕು ದುಡ್ಡು ಎಣಿಸಿ ಕೊಟ್ಟ.
ಮರುವಾರದ ಕಥೆ ಒಂದು ನಾಯಿಯದು.

ಮೊನ್ನೆ, ಮೂವತ್ತೈದು ವರ್ಷದ ಮೇಲೆ,
ಐಸ್ ಫ್ಯಾಕ್ಟರಿಯ ಲೆಕ್ಕದ ಮೇಜಿನಲ್ಲಿ ಕೂತು
ತಮ್ಮನ ಮಗಳ ಮೊಬೈಲಿನಲ್ಲಿ ಆ ಕಂತು ನೋಡಿದೆ.
ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು.
ಬೆಂಚಿನ ಹಿಂದಿನ ಆಕಾಶ ಬಟ್ಟೆಯದು,
ಇಸ್ತ್ರಿ ಆಗದ ಮಡಿಕೆ ಕಾಣುತ್ತಿತ್ತು.
ಆದರೆ ಹೆಸರುಗಳಿಗೆ ಮುಂಚೆ, ನಾಲ್ಕೇ ಸೆಕೆಂಡು,
ಧಕ್ಕೆಗೆ ಒಂದು ದೋಣಿ ಬಂತು.

ಒಂದು ಸೊಳ್ಳೆಯಷ್ಟು ಹೊತ್ತು.

ಹಿಂದಕ್ಕೆ ತಿರುಗಿಸಿ, ಹಿಂದಕ್ಕೆ ತಿರುಗಿಸಿ ನೋಡಿದೆ.
ಅದರಲ್ಲಿ ಯಾರಾದರೂ ಇದ್ದರಾ, ತಿಳಿಯಲಿಲ್ಲ.

ಮಾವಶಿ ಹೊಸಿಲಲ್ಲಿ ಕೂತು
ಬಾಂಗಡೆಯ ಕಿವಿರು ತೆಗೆಯುತ್ತಿದ್ದಳು.
ನಿಂತಲ್ಲೇ ಹೇಳಿಬಿಟ್ಟೆ:
ಆವತ್ತು ದೋಣಿ ಬಂದಿತ್ತು,
ಸೊಳ್ಳೆ ಕಚ್ಚಿತು, ತಪ್ಪು ನನ್ನದು.
ಅವಳ ಕತ್ತಿ ನಿಲ್ಲಲಿಲ್ಲ.

"ಚಿತ್ರ ಹೋದ್ರೆ ಸದ್ದೂ ಹೋಗ್ತದಾ?
ಕೇಳಿತ್ತು ಮಗಾ, ಇಂಜಿನ್ನು.
ಅದು ಒಂದು ಸಿಲಿಂಡರಿಂದು.
ನಮ್ದು ಎರಡರದ್ದು."

ಇನ್ನೊಂದು ಬಾಂಗಡೆ ಎತ್ತಿಕೊಂಡಳು.
"ತೋಕೂಂದು ಐದು ರೂಪಾಯಿ ಮಾತ್ರ
ಅನ್ಯಾಯವಾಗಿ ಹೋಯ್ತು, ನೋಡು."